ಗುಂಡನ ಪಥ್ಯ

ಬೆಳಿಗ್ಗೆ ಕುಕ್ಕರಿನ ಮುಚ್ಚಳ ತೆಗೆದಾಗ ಬೆಂದ ಕ್ಯಾರೆಟ್ಟಿನ ವಾಸನೆ ಮುಖಕ್ಕೆ ಬಡಿಯಿತು. ನಿಮಗೆ ಅದು ಪಲ್ಯದ ವಾಸನೆ ಇರಬಹುದು. ನನಗೆ ಹೋದ ಚಳಿಗಾಲ ನೆನಪಾಗುತ್ತದೆ, ನಮ್ಮ ಗುಂಡ ಇನ್ನೂ ಎಳೆಯವನಾಗಿದ್ದ ಕಾಲ.

ಗುಂಡ ಒಂದು ಗಿನಿಪಿಗ್. ಹೆಸರಿನಲ್ಲಿ ಹಂದಿಯಿದ್ದರೂ ನೋಡಲು ಬಾಲ ಮರೆತು ಬಂದ ಇಲಿ. ಮಗಳ ಹಟಕ್ಕೆ ಸೋತು ಮರಿಯನ್ನು ಬೆಂಗಳೂರಿನ ಅಟ್ಟೂರಿನ ನಮ್ಮ ಮನೆಗೆ ತಂದೆ. ಅಂಗಡಿಯವನು ಕಾಳಿನಂಥ ತಿಂಡಿಯ ಪೊಟ್ಟಣ ಕೊಟ್ಟು, "ಇದೊಂದೇ ಸಾಕು ಸರ್, ಎಲ್ಲಾ ಇದ್ರಲ್ಲೇ ಇದೆ" ಎಂದ. ನಾನು ಕಾಲೇಜಿನಲ್ಲಿ ಪಾಠ ಹೇಳುವವನು, ಅಚ್ಚಾದದ್ದನ್ನೆಲ್ಲ ನಂಬುವ ರೋಗ ನನಗೆ. ಪೊಟ್ಟಣದ ಮೇಲೂ ಅದೇ ಅಚ್ಚಾಗಿತ್ತು, ನಂಬಿದೆ.

ನಾವಿರುವುದು ಮಹಡಿಯಲ್ಲಿ. ಕೆಳಗೆ ಮನೆಯ ಒಡತಿ ಗೌರಮ್ಮ, ಅಟ್ಟೂರು ಹಳ್ಳಿಯಾಗಿದ್ದಾಗಿನಿಂದಲೂ ಇಲ್ಲೇ ಇರುವವರು. ಬೀದಿಯ ಅರ್ಧ ಮಕ್ಕಳಿಗೆ ಎಣ್ಣೆನೀರು ಹಾಕಿದ ಕೈ ಅವರದು. ಗುಂಡನನ್ನು ಕಂಡವರೇ ಮಡಿಲಿಗೆ ಹಾಕಿಕೊಂಡರು. ಎಳೆಯದು, ಮೇಲೆ ಚಳಿ ಬೇರೆ. ಅವರ ಶಾಸ್ತ್ರದಲ್ಲಿ ಹಸಿಯದೆಲ್ಲ ಶೀತ. "ಅಸಿ ತರಕಾರಿ ಕೊಡಬ್ಯಾಡಿ ಮೇಷ್ಟ್ರೇ, ಎದೆ ಕಟ್ಕೊಂತದೆ" ಎಂದವರು ದಿನವೂ ಕ್ಯಾರೆಟ್ ಬೇಯಿಸಿ ಹಿಸುಕಿ, ಕೂಸುಗಳಿಗೆ ಕೊಡುವ ರಾಗಿಸರಿಯ ಜೊತೆ ಮೇಲೆ ತರುತ್ತಿದ್ದರು.

ಇಲ್ಲಿ ತಮಾಷೆ ಕೇಳಿ. ನಾನು ಧಾರವಾಡದ ಕಡೆಯವನು. ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತ್ಯಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ ಇಲ್ಲದಿದ್ದರೆ ಊಟವೇ ಆಗಲಿಲ್ಲ ಎನ್ನುವ ಜನ ನಾವು. ಆದರೆ ಬೆಂಗಳೂರಿಗೆ ಬಂದ ಹೊಸತರಲ್ಲಿ ಸೀನಿ ಸೀನಿ ಸೋತು, ಗೌರಮ್ಮನ ಕಷಾಯ ಕುಡಿದು, ಅವರ ಮತಕ್ಕೇ ಸೇರಿಬಿಟ್ಟಿದ್ದೆ. ಹಾಗಾಗಿ ಅವರನ್ನು ತಡೆಯಲಿಲ್ಲ.

ಗುಂಡ ಮೊದಮೊದಲು ರಾಗಿಸರಿಯನ್ನು ನೆಕ್ಕಿದ. ಆಮೇಲೆ ಓಡಾಡುವುದನ್ನು ಬಿಟ್ಟ. ರೋಮ ಕೆದರಿತು, ಕೀಲುಗಳು ಊದಿಕೊಂಡವು, ಎತ್ತಿಕೊಂಡರೆ ಕಿರುಚುತ್ತಿದ್ದ. ಮಗಳು ಶಾಲೆಯಿಂದ ಬಂದವಳೇ ಬೂಟೂ ಬಿಚ್ಚದೆ ಪಂಜರದ ಎದುರು ಕೂರುತ್ತಿದ್ದಳು. ಮರಿ ಸತ್ತೇಹೋಗುತ್ತದೇನೋ ಎಂಬ ಭಯ ನನಗೂ ಹತ್ತಿತು. ಯಲಹಂಕದ ಪ್ರಾಣಿಗಳ ಡಾಕ್ಟರ ಬಳಿಗೆ ಹೊರಟಾಗ ಗೌರಮ್ಮನೂ ಆಟೋ ಹತ್ತಿದರು. ಗುಂಡನ ಬುಟ್ಟಿಯನ್ನು ದಾರಿಯುದ್ದಕ್ಕೂ ಅವರೇ ಹಿಡಿದಿದ್ದರು.

ಡಾಕ್ಟರಮ್ಮ ಬಾಯಿ ನೋಡಿದರು, ಕೀಲು ಮುಟ್ಟಿದರು. "ಸಿ ವಿಟಮಿನ್ ಕಮ್ಮಿಯಾಗಿದೆ. ತೆರೆದಿಟ್ಟ ಪೊಟ್ಟಣದಲ್ಲಿ ಅದು ಉಳಿಯಲ್ಲ, ಬೇಯಿಸಿದ್ರೂ ಹೋಗ್ಬಿಡುತ್ತೆ. ಮೊಲ ಆದ್ರೆ ಮೈಯಲ್ಲೇ ಮಾಡ್ಕೊಳ್ಳುತ್ತೆ. ಇದಕ್ಕಾಗಲ್ಲ, ನಮಗೂ ಆಗಲ್ಲ. ಡ್ರಾಪ್ಸ್ ಕೊಡ್ತೀನಿ. ಒಣಹುಲ್ಲು ಯಾವಾಗ್ಲೂ ಮುಂದೆ ಇರ್ಲಿ. ದಿನಾ ಹಸಿ ಕ್ಯಾಪ್ಸಿಕಂ ಕೊಡಿ, ಸ್ವಲ್ಪ ಕೊತ್ತಂಬರಿ."

ಪೊಟ್ಟಣದ ಮಾತಿಗೆ ನಾನು ತಲೆ ತಗ್ಗಿಸಿದೆ, ಬೇಯಿಸಿದ ಮಾತಿಗೆ ಗೌರಮ್ಮ. ವಾಪಸು ಬಂದು ಗೇಟಿನ ಬಳಿ ಇಳಿದಾಗ ಅವರು, "ನನ್ ಕೈಯಾರೆ ಇಂಗಾಯ್ತಲ್ಲ" ಎಂದರು.

ಇನ್ನು ಅವರು ಮೇಲೆ ಬರಲಾರರು ಎಂದುಕೊಂಡಿದ್ದೆ. ಮರುದಿನವೇ ಬಂದರು, ತಟ್ಟೆಯಲ್ಲಿ ಹಸಿ ಕ್ಯಾಪ್ಸಿಕಂ ಹೋಳುಗಳು. ಮೊದಲ ಹೋಳನ್ನು ತಮ್ಮ ಬಾಯಿಗೇ ಇಟ್ಟುಕೊಂಡು ಮುಖ ಕಿವುಚಿ ಅಗಿದರು.

"ಇದೇನ್ರಿ ಅಮ್ಮಾ?" ಎಂದೆ.

"ಮಕ್ಳಿಗೆ ಕೊಡೋಕ್ ಮುಂಚೆ ನಾವು ನೋಡಬ್ಯಾಡ್ವಾ? ಅದೂ ನಮ್ ಜಾತಿನೇ ಅಂದ್ರಲ್ಲ ಡಾಕ್ಟ್ರು. ನಂಗೆ ಒಗ್ಗಿದ್ರೆ ಅದಕ್ಕೂ ಒಗ್ತದೆ."

ಗುಂಡ ಮೂಸಿದ, ಆಮೇಲೆ ಮೆಲ್ಲಗೆ ಕಚ್ಚಿದ. ಡ್ರಾಪ್ಸೂ ಹಿಡಿಯಿತು, ಊತ ನಿಧಾನವಾಗಿ ಇಳಿಯಿತು. ಒಂದು ಸಂಜೆ ಇದ್ದಕ್ಕಿದ್ದಂತೆ ಪಂಜರದಲ್ಲಿ ಎಗರಿದ. ಮಗಳು ಮೆಟ್ಟಿಲ ಮೇಲಿಂದಲೇ ಕೂಗಿ ಗೌರಮ್ಮನಿಗೆ ಸುದ್ದಿ ಮುಟ್ಟಿಸಿದಳು. ಆ ದಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಹಸಿವೆ ಹೆಚ್ಚಾಗಿತ್ತು.

ಅಂದಿನಿಂದ ದಿನವೂ ಮೊದಲ ಹೋಳು ಗೌರಮ್ಮನದೇ. ಈ ಬೆಳಿಗ್ಗೆಯೂ ಅವರು ತಟ್ಟೆ ಹಿಡಿದು ಬಂದರು. ತಲೆಗೆ ಮಫ್ಲರ್ ಸುತ್ತಿದ್ದರು, ಮೂಗು ಕಟ್ಟಿತ್ತು.

"ಶೀತ ಆಗೇದಲ್ರಿ ಅಮ್ಮಾ. ಇವತ್ತ ನೀವು ತಿನ್ನಬ್ಯಾಡ್ರಿ, ಅವಂಗಷ್ಟ ಹಾಕ್ರಿ" ಎಂದೆ.

"ಅಸಿ ತಿಂದ್ರೆ ಶೀತ ಆಗೇ ಆಗ್ತದೆ ಮೇಷ್ಟ್ರೇ, ಡಾಕ್ಟ್ರು ಏನಾದ್ರೂ ಅನ್ಲಿ. ನಂಗಾಗ್ಲಿ ಬಿಡಿ. ಅದು ಓಡಾಡ್ಕೊಂಡಿರ್ಲಿ" ಎಂದು ಒಂದು ಹೋಳು ಬಾಯಿಗೆ ಹಾಕಿಕೊಂಡರು.

ಅವರ ನಂಬಿಕೆ ಬದಲಾಗಿದೆ ಎಂದು ಇಷ್ಟು ದಿನ ನಾನು ತಿಳಿದಿದ್ದೆ. ಅದು ಒಂದಿಷ್ಟೂ ಬದಲಾಗಿರಲಿಲ್ಲ. ಶೀತ ಬಂದೇ ಬರುತ್ತದೆಂದು ನಂಬಿಕೊಂಡೇ ಅವರು ದಿನವೂ ಒಂದು ಹೋಳು ತಿಂದಿದ್ದರು. ನಾನೂ ತಟ್ಟೆಯಿಂದ ಒಂದನ್ನು ತೆಗೆದುಕೊಂಡು ಅವರ ಪಕ್ಕದಲ್ಲಿ ಕೂತೆ.