ಮುತ್ಯಾನ ಹೊಟ್ಟೆಯ ಮೇಲೆ ಮಲಗಿದ ಮರಿ

ಮಾನ್ಯ ಓದುಗರ ಸನ್ನಿಧಿಗೆ,

ಈ ಮೂಲಕ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಇದು ನನ್ನ ಮೊದಲ ಬರಹ. ಕಾಗುಣಿತದಲ್ಲಿ ತಪ್ಪುಗಳಿರಬಹುದು, ಅಕ್ಷರಗಳೂ ದುಂಡಾಗಿಲ್ಲ, ದಯಮಾಡಿ ಮನ್ನಿಸಬೇಕು. ಆದರೆ ಕೆಳಗೆ ಹೇಳಿರುವ ಸಂಗತಿಯ ಬಗ್ಗೆ ನನಗೆ ಯಾವ ಸಂದೇಹವೂ ಇಲ್ಲ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಳೆದ ಮಳೆಗಾಲದಲ್ಲಿ ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಮುದುಕರೊಬ್ಬರು ಬಂದು ನನ್ನ ಪಕ್ಕದಲ್ಲಿ ಕುಳಿತರು. ಅವರ ತೊಯ್ದ ಕಂಬಳಿಯಿಂದ ಉಣ್ಣೆ, ಹೊಗೆ ಮತ್ತು ಕುರಿಹಿಕ್ಕೆಯ ವಾಸನೆ ಒಟ್ಟಿಗೆ ಎದ್ದಿತು. ನಾನು ಹತ್ತಬೇಕಾಗಿದ್ದ ಹುಮನಾಬಾದ್ ಬಸ್ಸು ಹೊರಟುಹೋಯಿತು, ನಾನು ಏಳಲಿಲ್ಲ. ಆ ವಾಸನೆಯೊಳಗೆ ಘಾಟಬೋರಾಳದ ಮನೆಯಿತ್ತು: ಕಲ್ಲಿನ ಗೋಡೆ, ಅಂಗಳಕ್ಕೆ ಒತ್ತಿಕೊಂಡ ಮುಳ್ಳುಬೇಲಿಯ ಕುರಿಹಟ್ಟಿ, ಒಲೆಯ ಮುಂದೆ ರೊಟ್ಟಿ ಬಡಿಯುವ ಆಯಿ. ನನ್ನ ತಾಯಿಯ ತಂದೆಯನ್ನು ಮುತ್ಯಾ ಎಂದೂ ಅವರ ಹೆಂಡತಿಯನ್ನು ಆಯಿ ಎಂದೂ ನಾವು ಕರೆಯುತ್ತಿದ್ದೆವು. ಶಾಲೆಗೆ ರಜೆ ಬಂತೆಂದರೆ ನಾನು ಅಲ್ಲಿಯೇ.

ಕುರಿ ಕಾಯುತ್ತಿದ್ದ ಮುತ್ಯಾ ದಿಬ್ಬದ ಮೇಲೆ ನಿಂತು ಕೂಗಿದರೆ ದೂರ ಚದುರಿದ ಕುರಿಗಳೆಲ್ಲ ತಲೆಯೆತ್ತಿ ಅವರತ್ತ ತಿರುಗುತ್ತಿದ್ದವು. ಒಂದು ವರ್ಷ ಆ ಕೂಗು ಒಡೆಯಿತು. ಎದೆಯುರಿ, ಹುಳಿತೇಗು; ಹೊಟ್ಟೆಯ ಹುಳಿ ಗಂಟಲಿಗೆ ಏರಿ ದನಿಯನ್ನು ಸುಟ್ಟಿತ್ತು. ಕುರಿಗಳು ಮಾತು ಕೇಳದೆ ಪರರ ತೊಗರಿಗೆ ನುಗ್ಗಿದವು. ದೀಪಾವಳಿಯೊಳಗೆ ದನಿ ಮರಳದಿದ್ದರೆ ಹಿಂಡನ್ನು ಚಿಟಗುಪ್ಪದ ಬೀಗರಿಗೆ ಒಪ್ಪಿಸುವುದೆಂದು ಸೋದರಮಾವ ತೀರ್ಮಾನಿಸಿದರು. ಮುತ್ಯಾ ಅಂದು ಊಟ ಬಿಟ್ಟರು.

ಹುಮನಾಬಾದಿನ ಡಾಕ್ಟರಮ್ಮ ಗುಳಿಗೆಯ ಜೊತೆಗೆ ಉಸಿರಾಟದ ವ್ಯಾಯಾಮವನ್ನೂ ಕಲಿಸಿದರು. ಎದೆ ಅಲುಗದಂತೆ, ಹೊಟ್ಟೆ ಮೇಲೇಳುವಂತೆ ಉಸಿರೆಳೆದು ನಿಧಾನವಾಗಿ ಬಿಡಬೇಕು. ಹೊಟ್ಟೆ ಎದೆಗಳ ನಡುವಿನ ಸ್ನಾಯು ಬಲಗೊಂಡರೆ ಹುಳಿ ಮೇಲೇರುವುದು ಕಡಿಮೆಯಾಗುತ್ತದೆ ಎಂದು ತಿಳಿಸಿದರು. ಹೊಟ್ಟೆ ಏಳುವುದು ಕಾಣಲೆಂದು ಅದರ ಮೇಲೆ ಹಗುರವಾದದ್ದೇನಾದರೂ ಇಟ್ಟುಕೊಳ್ಳಲು ಹೇಳಿದ್ದರು. ಮುತ್ಯಾ ಆಗಷ್ಟೇ ಹುಟ್ಟಿದ್ದ ಕುರಿಮರಿಯನ್ನು ಇಟ್ಟುಕೊಂಡರು. ಆಯಿ ನನ್ನನ್ನು ಕರೆದು ತೋರಿಸಿದರು. "ನೋಡವ್ವಾ, ನಿಮ್ಮ ಮುತ್ಯಾಗ ಈ ವಯಸ್ಸಿನ್ಯಾಗ ಬಾಣಂತನ ಬಂದದ."

ಆದರೆ ಮುತ್ಯಾ ಆ ವ್ಯಾಯಾಮವನ್ನು ಮಾಡುತ್ತಿದ್ದುದು ಕುರಿಗಾರರ ರೂಢಿಯಂತೆ, ಹಿಂಡನ್ನು ಹಟ್ಟಿಗೆ ಸೇರಿಸಿ, ಖಾರಬ್ಯಾಳಿ ರೊಟ್ಟಿ ಉಂಡು, ಕೂಡಲೇ ಕಾವಲಿಗೆ ಅಡ್ಡಾದಾಗ. ಹುಳಿ ಇನ್ನಷ್ಟು ಏರಿತು. ಇದೆಲ್ಲ ಸುಳ್ಳೆಂದು ಮರಿಯನ್ನು ಇಳಿಸಿಬಿಟ್ಟರು.

"ಹೊಟ್ಟಿ ತುಂಬ ರೊಟ್ಟಿ ತುಂಬಾಕತ್ತೀರಿ, ಗಾಳಿ ಎಲ್ಲಿ ಕೂಡಬೇಕ್ರಿ?" ಎಂದು ಆಯಿ ಕೇಳಿದರು.

ಮರುದಿನದಿಂದ ಹೊತ್ತು ಮುಳುಗುವ ಮೊದಲೇ ಊಟ ಹಟ್ಟಿಗೆ ಬರತೊಡಗಿತು. ಉಸಿರಾಟದ ವ್ಯಾಯಾಮ ಬೆಳಗಿನ ಖಾಲಿ ಹೊಟ್ಟೆಗೆ ಸರಿಯಿತು. ಮರಿ ಮತ್ತೆ ಹೊಟ್ಟೆಯ ಮೇಲೇರಿ, ಏಳುತ್ತ ಇಳಿಯುತ್ತ ಅಲ್ಲಿಯೇ ನಿದ್ದೆ ಹೋಗುತ್ತಿತ್ತು. ಅದು ಎಚ್ಚರಗೊಳ್ಳಬಾರದೆಂದು ಮುತ್ಯಾ ಇನ್ನೂ ನಿಧಾನವಾಗಿ ಉಸಿರಾಡುತ್ತಿದ್ದರು.

ದೀಪಾವಳಿ ಹತ್ತಿರ ಬಂದಾಗ, ಮಾವ ನೋಡುತ್ತಿದ್ದಂತೆ, ಮುತ್ಯಾ ದಿಬ್ಬ ಏರಿದರು. ನಾನು ಆಯಿಯ ಸೆರಗು ಹಿಡಿದು ನಿಂತಿದ್ದೆ. ಮೊದಲ ಕೂಗು ಗಂಟಲಲ್ಲಿಯೇ ಸಿಕ್ಕಿಕೊಂಡಿತು. ಅವರು ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು ಉಸಿರೆಳೆದುಕೊಂಡರು. ಮತ್ತೆ ಕೂಗಿದರು. ಹಿಂದಿನಷ್ಟು ಎತ್ತರವಿರಲಿಲ್ಲ, ಆದರೆ ಒಡಕಿರಲಿಲ್ಲ. ತೊಗರಿಸಾಲಿನ ಆಚೆ ಒಂದು ತಲೆ ಎದ್ದಿತು. ಬಳಿಕ ಹಿಂಡಿಗೆ ಹಿಂಡೇ ತಿರುಗಿತು.

"ಹಿಂಡು ಇಲ್ಲೇ ಇರ್ಲಿ ಬಿಡ್ರಿ, ಅಪ್ಪಾ," ಎಂದು ಮಾವ ಚಪ್ಪಲಿ ಮೆಟ್ಟಿಕೊಂಡು ನಡೆದರು.

ಮುತ್ಯಾ, ಆಯಿ ಇಬ್ಬರೂ ಈಗಿಲ್ಲ. ಹಟ್ಟಿಯಿದ್ದ ಜಾಗದಲ್ಲಿ ಗೋದಾಮು ಎದ್ದಿದೆ. ಆ ಕೂಗನ್ನು ಇಲ್ಲಿ ಬರೆಯಲು ಹಲವು ಸಲ ಯತ್ನಿಸಿ ಹೊಡೆದುಹಾಕಿದ್ದೇನೆ. ಅದು ಅಕ್ಷರಕ್ಕೆ ಬರುತ್ತಿಲ್ಲ. ಆದ್ದರಿಂದ ತಾವು ಈ ಬರಹದಲ್ಲಿ ಕಂಡ ತಪ್ಪುಗಳನ್ನು ತಿದ್ದಬೇಕೆಂದೂ, ತಮ್ಮಲ್ಲಿ ಯಾರಾದರೂ ಆ ದಿಬ್ಬದ ಕಡೆ ಮುತ್ಯಾನ ಕೂಗನ್ನು ಕೇಳಿದ್ದರೆ, ನನ್ನೆದುರು ಒಮ್ಮೆ ಕೂಗಿ ತೋರಿಸಬೇಕೆಂದೂ ಕೋರುತ್ತೇನೆ.