ಬೆರಳು ಅಲುಗಿತೋ ಇಲ್ಲವೋ

ಕೊಡಂಬಲದ ಪೂನಂ ಹುಮನಾಬಾದ್‌ನ ಒಂದು ಖಾಸಗಿ ಆಸ್ಪತ್ರೆಯ ಐಸಿಯುವಿನಲ್ಲಿ ಆರು ವರ್ಷಗಳಿಂದ ನರ್ಸ್. ಉಸಿರಾಟದ ಯಂತ್ರಕ್ಕೆ ಹಾಕಿದ ರೋಗಿಗೆ ಎಚ್ಚರವಿರಲಿ, ಇಲ್ಲದಿರಲಿ, ಮೈ ಮುಟ್ಟುವ ಮೊದಲು ಅವಳು ಹೇಳಿಯೇ ಮುಟ್ಟುತ್ತಾಳೆ. "ಗೋಡಿ ಜೋಡಿ ಮಾತಾಡಾಕತ್ತಾಳ ನೋಡ್ರಿ" ಎಂದು ಜೊತೆಯವರು ನಗುತ್ತಿದ್ದರು. ಬೀದರ್‌ನಲ್ಲಿ ಕಲಿಸಿದ ಟೀಚರ್ ಹಾಗೆ ಹೇಳಿಕೊಟ್ಟಿದ್ದರು, ಅವಳು ಹಾಗೆ ಮಾಡುತ್ತಿದ್ದಳು, ಅಷ್ಟೇ. ಅದರ ಬಗ್ಗೆ ಯೋಚಿಸುವಂತಾದದ್ದು ಎರಡು ವರ್ಷದ ಹಿಂದೆ, ತುಳಜಾರಾಮ ಬಂದಾಗ.

ತುಳಜಾರಾಮ ಮೋರಖಂಡಿಯ ರೈತ, ಐವತ್ತು ದಾಟಿದವರು. ನೆಲದ ಮೇಲೆ ಮಲಗಿದ್ದಾಗ ಹಾವು ಕಚ್ಚಿತ್ತು. ಬಸವಕಲ್ಯಾಣದಲ್ಲಿ ವಿಷಕ್ಕೆ ಇಂಜೆಕ್ಷನ್ ಕೊಡುವಷ್ಟರಲ್ಲಿ ಉಸಿರು ಸೋಲತೊಡಗಿತು. ಗಂಟಲಿಗೆ ನಳಿಗೆ ಇಳಿಸಿ, ಉಸಿರು ತುಂಬುವ ಚೀಲವನ್ನು ಕೈಯಿಂದ ಒತ್ತುತ್ತ ಇಲ್ಲಿಗೆ ತಂದರು. ಕೈಕಾಲು ಬಿದ್ದುಹೋಗಿದ್ದವು. ರೆಪ್ಪೆ ಎತ್ತಿ ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆ ಕುಗ್ಗಲಿಲ್ಲ.

"ವಿಷ ನರ ಹಿಡದ್ರ ಎಚ್ಚರ ಇದ್ದವರೂ ಹಿಂಗೇ ಬೀಳ್ತಾರ," ಎಂದರು ಡಾಕ್ಟರ್ ಗುರುಲಿಂಗ. "ದಾರ್ಯಾಗ ಮಿದುಳಿಗೆ ಉಸಿರು ಕಮ್ಮಿ ಬಿದ್ದಿದ್ರೂ ಹಿಂಗೇ. ಯಾವದಂತ ನನಗೂ ಈಗ ಹೇಳಾಕ ಬರಂಗಿಲ್ಲ."

ಪೂನಂ ತನ್ನ ಕೆಲಸ ಹಿಡಿದಳು. ತಲೆಯ ಕಡೆ ಮಂಚ ಎತ್ತರಿಸಿದಳು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿದಳು, ಬಾಯಿ ಒರೆಸಿದಳು, ಕಣ್ಣು ಒಣಗದಂತೆ ಒದ್ದೆ ಬಟ್ಟೆ ಹಾಕಿದಳು. ಎರಡನೆಯ ದಿನ ಬೆಳಿಗ್ಗೆ, "ಕಾಕಾ, ಕಫ ತೆಗೀತೀನ್ರಿ, ಜರಾ ತ್ರಾಸ ಆಗ್ತದ" ಎಂದಳು. ಇನ್ನೂ ಮುಟ್ಟಿರಲಿಲ್ಲ. ಪರದೆಯ ಮೇಲೆ ಎದೆಬಡಿತ ಎಂಬತ್ನಾಲ್ಕರಿಂದ ನೂರಾಹತ್ತಕ್ಕೆ ಏರಿತು.

ಮಧ್ಯಾಹ್ನ ಅದೇ ಮಾತು ಹೇಳಿದಳು. ಏನೂ ಆಗಲಿಲ್ಲ.

ಸಂಜೆ ರೋಗಿಯ ತಮ್ಮ ವೈಜಿನಾಥ ಮಂಚದ ಬದಿ ನಿಂತು, "ಮುಗೀತ್ರಿ ಇದು. ಊರಿಗೆ ಒಯ್ಯೋಣ, ಜೀವ ಮನ್ಯಾಗ ಹೋಗ್ಲಿ" ಎಂದ. ಎದೆಬಡಿತ ನೂರಿಪ್ಪತ್ತಾಯಿತು. ಕಣ್ಣಿನ ಮೂಲೆಯಿಂದ ನೀರು ಇಳಿಯಿತು. ಕಣ್ಣೀರೋ, ತಾನೇ ಹಾಕಿದ ಬಟ್ಟೆಯ ನೀರೋ, ಪೂನಂಗೆ ತಿಳಿಯಲಿಲ್ಲ.

ಅವಳು ಡಾಕ್ಟರ ಬಳಿಗೆ ಹೋದಳು. "ಸರ್, ಅವರಿಗೆ ಎಲ್ಲಾ ಕೇಳಾಕತ್ತಿದ್ರ ನೋವೂ ತಿಳೀತದಲ್ರಿ. ನಿದ್ದಿ ಔಷಧ ಹೆಚ್ಚು ಮಾಡೋಣೇನ್ರಿ?"

"ನಿದ್ದಿಗೆ ಹಾಕಿದ್ರ ಎಚ್ಚರ ಅದಾರೋ ಇಲ್ಲೋ ಹ್ಯಾಂಗ ನೋಡ್ತಿ?"

ಆದರೂ ಡಾಕ್ಟರ್ ಒಂದು ಸಣ್ಣ ಪ್ರಮಾಣ ಬರೆದುಕೊಟ್ಟರು. "ಅದರ ಜೋರು ಇಳದ ಮ್ಯಾಲ ಕಾಲಬೆರಳು ಅಲ್ಲಾಡಸಾಕ ಹೇಳು. ಕೆಲವರಿಗೆ ಅಷ್ಟು ಶಕ್ತಿ ಉಳದಿರ್ತದ."

ಮರುದಿನ ಅವಳು ಹೊದಿಕೆ ಸರಿಸಿ ಪಾದದ ಹತ್ತಿರ ಬಾಗಿದಳು. "ಕಾಕಾ, ಕೇಳ್ತಿದ್ರ ಬೆರಳು ಅಲ್ಲಾಡಸ್ರಿ." ಬಲಗಾಲಿನ ಹೆಬ್ಬೆರಳು ಕದಲಿದಂತಾಯಿತು. ಮತ್ತೆ ಹೇಳಿದಳು. ಕದಲಲಿಲ್ಲ. ಮೂರನೆಯ ಸಲ ಕದಲಿತೋ, ಯಂತ್ರ ಉಸಿರು ತುಂಬಿದಾಗ ಮೈ ನಡುಗಿತೋ? ಡಾಕ್ಟರನ್ನು ಕರೆತಂದಾಗ ಕಾಲು ಕಲ್ಲಿನಂತೆ ಬಿದ್ದಿತ್ತು.

ತುಳಜಾರಾಮರ ಹೆಂಡತಿ ಯಶೋದಾಬಾಯಿ ಬಾಗಿಲಲ್ಲೇ ಅವಳ ಕೈ ಹಿಡಿದರು. "ಡಾಕ್ಟರ್ ಅದೂ ಅಂತಾರ, ಇದೂ ಅಂತಾರ. ಮೈದುನ ಗಾಡಿ ತರಸ್ತೀನಿ ಅಂತಾನ. ನೀ ದಿನಾ ಮುಟ್ಟಾಕಿ, ಹೇಳವ್ವಾ. ಅವರು ಒಳಗ ಅದಾರೇನು?"

ಹೌದೆಂದು ಹೇಳಿ ಅದು ಸುಳ್ಳಾದರೆ? ಇಲ್ಲವೆಂದರೆ? ಪೂನಂ ಕೈ ಬಿಡಿಸಿಕೊಳ್ಳಲಿಲ್ಲ. "ಖರೆ ಹೇಳ್ತೀನ್ರಿ ಬಾಯಿ, ನನಗ ಗೊತ್ತಿಲ್ಲ. ಬೆರಳು ಅಲ್ಲಾಡ್ದಂಗಾತು. ನನ್ನ ಭ್ರಮೇನೂ ಇರಬಹುದು."

ಯಶೋದಾಬಾಯಿ ಹೊರಗೆ ಹೋದರು. "ಭ್ರಮಾ ಅಂತ ಖಾತ್ರಿ ಆಗೂತನಾ ಒಯ್ಯೂದಿಲ್ಲ," ಎಂದು ಮೈದುನನಿಗೆ ಹೇಳಿಬಿಟ್ಟರು. ವೈಜಿನಾಥ ಸಿಟ್ಟಿನಿಂದ ಊರಿಗೆ ಹೋದ.

ಅಲ್ಲಿಂದ ಎರಡು ದಿನ ಪೂನಂಗೆ ಅನ್ನ ರುಚಿಸಲಿಲ್ಲ. ಸತ್ತ ಮನುಷ್ಯನನ್ನು ತಾನು ಯಂತ್ರಕ್ಕೆ ಕಟ್ಟಿಹಾಕಿಸಿದೆನೇ ಎನ್ನಿಸುತ್ತಿತ್ತು. ಆದರೂ ಪ್ರತಿಸಲ ಹೇಳಿಯೇ ಮುಟ್ಟಿದಳು. ಐದನೆಯ ದಿನ ಹತ್ತು ಗಂಟೆಗೆ ಕಣ್ಣ ಮೇಲಿನ ಬಟ್ಟೆ ತೆಗೆದಳು. ಬಲಗಣ್ಣಿನ ರೆಪ್ಪೆ ಕೂದಲೆಳೆಯಷ್ಟು ಮೇಲೇರಿತು. ಈ ಸಲ ಡಾಕ್ಟರೂ ನೋಡಿದರು.

ಒಂಬತ್ತನೆಯ ದಿನ ನಳಿಗೆ ತೆಗೆದರು. ದನಿ ಒಡೆದಿತ್ತು. ಲಾತೂರಿಗೆ ಕೊಟ್ಟ ಮಗಳು ಉಜ್ವಲಾ ಹಿಂದಿನ ದಿನವಷ್ಟೇ ಬಂದು ತಲುಪಿದ್ದಳು. ತುಳಜಾರಾಮ ಅವಳ ಕೈ ಹಿಡಿದು, "ದಿನಾ ನನ್ನ ಜೋಡಿ ಮಾತಾಡಿದಿ ಮಗಳೇ. ಇಲ್ಲಂದ್ರ ಆ ಕತ್ತಲಾಗ ನನಗ ಹುಚ್ಚ ಹಿಡೀತಿತ್ತು" ಎಂದರು. ಉಜ್ವಲಾ ಪೂನಂ ಕಡೆ ನೋಡಿದಳು. ಪೂನಂ ನಿಜ ಹೇಳಬೇಡ ಎಂಬಂತೆ ತಲೆಯಾಡಿಸಿದಳು.

ಆದರೆ ಒಂದು ಮಾತು ಕೇಳದೆ ಇರಲಾಗಲಿಲ್ಲ. "ಕಾಕಾ, ಬೆರಳು ಅಲ್ಲಾಡಸ್ರಿ ಅಂದಾಗ ಅಲ್ಲಾಡಿಸಿದ್ರೇನ್ರಿ?"

"ಬೆರಳೇನವ್ವಾ, ಇಡೀ ಕಾಲಲೇ ಒದ್ದೆ. ಮಂಚ ಮುರೀಬೇಕು, ಹಂಗ ಒದ್ದೆ. ಯಾರೂ ನೋಡ್ಲಿಲ್ಲ."

"ಯಾವ ಕಾಲ್ರಿ?"

"ಎಡಗಾಲು."

ಪೂನಂಗೆ ಕದಲಿದಂತೆ ಕಂಡದ್ದು ಬಲಗಾಲಿನ ಬೆರಳು. ಹದಿನಾಲ್ಕನೆಯ ದಿನ ತುಳಜಾರಾಮ ಹೆಂಡತಿಯ ಭುಜ ಹಿಡಿದು ನಡೆದೇ ಹೊರಗೆ ಹೋದರು. ಕರೆದುಕೊಂಡು ಹೋಗಲು ವೈಜಿನಾಥನೇ ಗಾಡಿ ತಂದಿದ್ದ. ಅಣ್ಣತಮ್ಮಂದಿರು ಮಾತಾಡದೆ ಅಕ್ಕಪಕ್ಕ ಕೂತರು.