ಕೋಪದ ಕಾರ್ಬನ್ ಪ್ರತಿ

ಬೀದಿಯವರಿಗೆಲ್ಲ ಅವರು ಟೈಪಿಂಗ್ ಟೀಚರು. ಗೆಳತಿಯೊಬ್ಬರ ಜೊತೆ ಸೇರಿ, ಔಷಧಿ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಹನ್ನೆರಡು ಯಂತ್ರಗಳನ್ನಿಟ್ಟುಕೊಂಡು ಇಪ್ಪತ್ತು ವರ್ಷ ಟೈಪಿಂಗ್ ಕಲಿಸಿದ್ದರು. ಆಮೇಲೆ ಇಬ್ಬರೂ ಬೇರೆಯಾದರು. ಯಾಕೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಟೀಚರಿಗೆ ಎಪ್ಪತ್ತೆಂಟು ತುಂಬಿದ ವರ್ಷ, ಕಪಾಟು ಒರೆಸುತ್ತಿದ್ದ ಸೊಸೆಗೆ ಒಂದು ಪತ್ರದ ಕಾರ್ಬನ್ ಪ್ರತಿ ಸಿಕ್ಕಿತು. ಅತ್ತೆಯೇ ಆ ಗೆಳತಿಗೆ ಬರೆದದ್ದು. "ನನ್ನ ಬೆನ್ನ ಹಿಂದೆ ಬೇರೆ ಶಾಲೆ ತೆರೆಯಲು ಹೊರಟಿದ್ದೀಯ. ಇನ್ನು ನಿನ್ನ ಮುಖ ನೋಡುವುದಿಲ್ಲ" ಎಂದು ಶುರುವಾಗಿ ಎರಡು ಪುಟ ಬೆಂಕಿ ಕಾರಿತ್ತು.

ಸೊಸೆ ಅಳುಕುತ್ತಲೇ ಓದಿ ಹೇಳಿದಳು. ಟೀಚರು ಕನ್ನಡಕ ಏರಿಸಿ ಹಾಳೆ ಇಸಿದುಕೊಂಡರು.

"ಒಂದೇ ಒಂದು ಅಕ್ಷರ ತಪ್ಪಿಲ್ಲ ನೋಡು. ಅಂಚು ಎಷ್ಟು ನೇರ ಇದೆ."

"ಅತ್ತೆ, ಇಷ್ಟೊಂದು ಕೋಪ ಬಂದಿದ್ದು ನೆನಪಿಲ್ವಾ?"

"ಜಗಳ ಆಗಿದ್ದು ಗೊತ್ತು. ಆ ಕೋಪ ಹೇಗಿತ್ತು ಅಂತ ಹುಡುಕಿದ್ರೆ ಸಿಗ್ತಾ ಇಲ್ಲ. ಅವಳು ಶಾಯಿ ಕೈಯಲ್ಲಿ ಮೂಗು ಒರೆಸ್ಕೊಂಡು, ಮೀಸೆ ಬಂದಿದ್ದೂ ಗೊತ್ತಾಗ್ದೆ ಇಡೀ ದಿನ ಪಾಠ ಮಾಡಿದ್ಳು. ಅದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ."

ಮರೆವಿನ ರೋಗವೇನೋ ಎಂದು ಸೊಸೆಗೆ ದಿಗಿಲು. ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಏನೇನೋ ಕೇಳಿ ಪರೀಕ್ಷಿಸಿ, ನೆನಪು ಗಟ್ಟಿಯಾಗಿಯೇ ಇದೆ ಎಂದರು. "ವಯಸ್ಸಾಗ್ತಾ ಎಷ್ಟೋ ಜನರಿಗೆ ಹೀಗಾಗತ್ತೆ. ಕಹಿ ತೆಳುವಾಗತ್ತೆ, ಖುಷಿ ಉಳಿಯತ್ತೆ."

ಹೊರಗೆ ಬಂದವರೇ ಟೀಚರು, "ಅವಳ ಮನೆಗೆ ಹೋಗೋಣ ನಡಿ" ಎಂದರು.

ಬಾಗಿಲು ತೆರೆದ ಗೆಳತಿ ಒಂದು ಕ್ಷಣ ಕಣ್ಣು ಕಿರಿದು ಮಾಡಿ ನೋಡಿದರು. "ಈಗ ದಾರಿ ಸಿಕ್ತೇನೇ?"

"ನಿನಗೆ ಕೆಟ್ಟದಾಗಿ ಕಾಗದ ಬರೆದಿದ್ದೆ ಕಣೆ. ತಪ್ಪಾಯ್ತು."

ಗೆಳತಿ ಅವರ ಕೈ ಹಿಡಿದು ಒಳಗೆ ಎಳೆದುಕೊಂಡರು. "ಅದನ್ನ ಓದಿ ಒಂದು ವಾರ ಅತ್ತಿದ್ದೆ ಅಂತ ನನ್ನ ತಂಗಿ ಹೇಳ್ತಾಳೆ. ನನಗೆ ನೆನಪಿರೋದು, ಪರೀಕ್ಷೆ ದಿನ ನೀನು ಒಂದು ಕಪ್ಪು, ಒಂದು ಕೆಂಪು ಚಪ್ಪಲಿ ಹಾಕ್ಕೊಂಡು ಬಂದಿದ್ದು."

"ನಾನಲ್ಲ, ನೀನು."

ಆ ವಾದ ಎರಡು ಗಂಟೆ ನಡೆಯಿತು. ನಗು ತಡೆಯಲಾಗದೆ ಇಬ್ಬರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಗುರುತಿಲ್ಲದ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಹುಡುಕಿ ಸೊಸೆಯೇ ಎರಡು ಸಲ ಕಾಫಿ ಮಾಡಿ ತಂದಳು.

ಈಗ ಗುರುವಾರ ಬಂತೆಂದರೆ ಗೆಳತಿ ಇವರ ಮನೆಗೆ ಬರುತ್ತಾರೆ. ಕಳೆದ ವಾರ ಹೊಸ ಜಗಳವೊಂದು ಆಯಿತು, ಕಿಟಕಿ ಪಕ್ಕದ ಕುರ್ಚಿಗಾಗಿ. ಕೊನೆಗೆ ಸೊಸೆ ಇನ್ನೊಂದು ಕುರ್ಚಿ ತಂದು ಅಲ್ಲೇ ಹಾಕಿದಳು.